ಗೋಲು ಹೊಡೆದವರ ಕೈಗೆ ಲೆಕ್ಕದ ಪುಸ್ತಕ

ಕಳೆದ ವರ್ಷ ದಸರೆ ಮುಗಿದ ವಾರ ನಮ್ಮೂರ ಫುಟ್‌ಬಾಲ್ ಕ್ಲಬ್ಬಿನ ಸಭೆ ಮಾರುತಿ ಗುಡಿಯ ಕಟ್ಟೆಯ ಮೇಲೆ ನಡೆಯಿತು. ಇನ್ನು ಮುಂದೆ ಕ್ಲಬ್ಬಿನ ಆಡಳಿತವನ್ನು ಯಾರ ಕೈಗೆ ಕೊಡಬೇಕು ಎಂಬುದೊಂದೇ ವಿಷಯ. ನನ್ನೊಬ್ಬನ ಹೊರತು ಸೇರಿದವರೆಲ್ಲ ಒಂದೇ ಹೆಸರು ಹೇಳಿದರು.

ನಮ್ಮದು ಚಿಕ್ಕೋಡಿಯಿಂದ ನಿಪ್ಪಾಣಿಗೆ ಹೋಗುವ ದಾರಿಯಲ್ಲಿರುವ ಸಣ್ಣ ಊರು. ಸುತ್ತ ಕಬ್ಬು, ತಂಬಾಕು. ಕುಸ್ತಿ, ಕಬಡ್ಡಿ ಎಲ್ಲ ಊರಲ್ಲೂ ಇರುತ್ತವೆ. ನಮಗೆ ಫುಟ್‌ಬಾಲ್ ಹುಚ್ಚು ಹತ್ತಿದ್ದು ಕೊಲ್ಹಾಪುರದ ನೆರೆಯಿಂದ. ಅಲ್ಲಿ ಪೇಠೆಗೊಂದು ತಾಲೀಮು, ತಾಲೀಮಿಗೊಂದು ಫುಟ್‌ಬಾಲ್ ತಂಡ. ಪಾಟಾಕಡೀಲ ತಾಲೀಮು, ಖಂಡೋಬಾ ತಾಲೀಮು ಎದುರುಬದುರಾದ ದಿನ ಶಾಹು ಸ್ಟೇಡಿಯಂ ತುಂಬಿ ಹೋಗುತ್ತದೆ. ನಮ್ಮ ಹಿರಿಯರು ಬಸ್ ಹತ್ತಿ ಆ ಪಂದ್ಯ ನೋಡಿ ಬಂದು ಇಲ್ಲಿ ಕ್ಲಬ್ ಕಟ್ಟಿದರು. ಪ್ರತಿ ಜನವರಿಯಲ್ಲಿ ನಾವು ನಡೆಸುವ ಟೂರ್ನಿಗೆ ರಾಯಬಾಗ, ಅಥಣಿ, ಕಾಗವಾಡದಿಂದಲೂ ಹುಡುಗರು ಬರುತ್ತಾರೆ.

ಸಭೆ ಹೇಳಿದ ಹೆಸರು ನಮ್ಮ ಹಳೆಯ ನಾಯಕರದ್ದು. ಊರವರು ಅವರನ್ನು ಕ್ಯಾಪ್ಟನ್ ಎನ್ನುತ್ತಾರೆ, ನಾನು ಅಣ್ಣಾ ಎನ್ನುತ್ತೇನೆ. ಕೊಲ್ಹಾಪುರದ ತಾಲೀಮೊಂದಕ್ಕೆ 8 ವರ್ಷ ಆಡಿದವರು. ಮೊಣಕಾಲು ಕೈಕೊಟ್ಟ ಮೇಲೆ ಊರಿಗೆ ಬಂದು ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ ಇಟ್ಟುಕೊಂಡಿದ್ದಾರೆ. ಇವತ್ತಿಗೂ ಅವರು ಮೈದಾನಕ್ಕೆ ಬಂದರೆ ಹುಡುಗರು ಆಟ ನಿಲ್ಲಿಸಿ ನೋಡುತ್ತಾರೆ.

ನಾನು ಬೇಡ ಎಂದದ್ದಕ್ಕೆ ಕಾರಣವಿತ್ತು. ಬಿ.ಕಾಂ. ಮುಗಿಸಿ 3 ವರ್ಷವಾಯಿತು. ಬ್ಯಾಂಕ್ ಪರೀಕ್ಷೆ, ಕೆಪಿಎಸ್‌ಸಿ ಪರೀಕ್ಷೆ ಬರೆಯುತ್ತ ಸಂಜೆ ಹೊತ್ತು ಕ್ಲಬ್ಬಿನ ಲೆಕ್ಕ ಬರೆಯುತ್ತೇನೆ. ಹಿಂದಿನ ಟೂರ್ನಿಯ ಫೈನಲ್ ದಿನ ಕ್ಯಾಪ್ಟನ್ ಉತ್ಸಾಹದಲ್ಲಿ ಮೈಕ್ ಹಿಡಿದು ಮೊದಲ ಬಹುಮಾನಕ್ಕೆ 5,000 ರೂಪಾಯಿ ಹೆಚ್ಚಿಸಿ ಘೋಷಿಸಿಬಿಟ್ಟರು. ಜನ ಚಪ್ಪಾಳೆ ತಟ್ಟಿದರು. ಪೆಂಡಾಲಿನವರ ಬಾಕಿ ನನ್ನ ಪುಸ್ತಕದಲ್ಲಿ ಹಾಗೇ ಉಳಿಯಿತು. ಅದನ್ನೇ ಸಭೆಯಲ್ಲಿ ಎತ್ತಿ, ಕಾಲಿನಿಂದ ಗೋಲು ಹೊಡೆಯುವುದು ಬೇರೆ, ಕೈಯಿಂದ ಲೆಕ್ಕ ಬರೆಯುವುದು ಬೇರೆ ಎಂದುಬಿಟ್ಟೆ. ಕ್ಯಾಪ್ಟನ್ ಏನೂ ಅನ್ನಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಎದ್ದು ಹೋದರು. ಸಭೆ ಅಲ್ಲಿಗೇ ನಿಂತಿತು. ಮರುದಿನದಿಂದ ನಾನು ಅವರ ಅಂಗಡಿ ಮುಂದೆ ಸೈಕಲ್ ತುಳಿಯದೆ ಹಿಂದಿನ ಓಣಿಯಿಂದ ಹೋಗತೊಡಗಿದೆ.

ನಾನು ಹೇಳಿದ್ದು ಸರಿ ಎಂದು ತೋರಿಸಲೇಬೇಕು ಎಂಬ ಹಟ ಹುಟ್ಟಿತು. ದೊಡ್ಡ ಆಟಗಾರರು ಆಡಳಿತಕ್ಕೆ ಬಂದು ಕ್ಲಬ್ ಮುಳುಗಿಸಿದ ಉದಾಹರಣೆ ಹುಡುಕಲು ಚಿಕ್ಕೋಡಿಯ ಗ್ರಂಥಾಲಯದಲ್ಲೂ ಮೊಬೈಲಿನಲ್ಲೂ ಕುಳಿತೆ. ಹುಡುಕುತ್ತ ಹೋದವನಿಗೆ ಸಿಕ್ಕವರು ಸ್ಯಾಂಟಿಯಾಗೊ ಬರ್ನಬ್ಯೂ. ರಿಯಲ್ ಮ್ಯಾಡ್ರಿಡ್ ಪಂದ್ಯ ನೋಡುವ ನಮ್ಮ ಹುಡುಗರಿಗೆ ಬರ್ನಬ್ಯೂ ಎಂದರೆ ಒಂದು ಸ್ಟೇಡಿಯಂ. ನಾನೂ ಅದು ಯಾವುದೋ ಬಡಾವಣೆಯ ಹೆಸರಿರಬೇಕು ಎಂದುಕೊಂಡಿದ್ದೆ. ಅದು ಒಬ್ಬ ಮನುಷ್ಯನ ಹೆಸರು. ಅವರು ಅದೇ ಕ್ಲಬ್ಬಿಗೆ ಸೆಂಟರ್ ಫಾರ್ವರ್ಡ್ ಆಗಿ ಆಡಿ, ಅದೇ ಕ್ಲಬ್ಬನ್ನು ಸುಮಾರು 35 ವರ್ಷ ನಡೆಸಿದವರು. ಅವರ ಬದುಕು ಓದಿದ ಮೇಲೆ ನನ್ನ ವಾದ ಅರ್ಧ ಗೆದ್ದಿತು, ಅರ್ಧ ಸೋತಿತು. ಆ ಕಥೆಯನ್ನೇ ಇಲ್ಲಿ ಹೇಳುತ್ತೇನೆ.

ಬರ್ನಬ್ಯೂ ಹುಟ್ಟಿದ್ದು 1895ರ ಜೂನ್ 8ರಂದು, ಸ್ಪೇನಿನ ಅಲ್ಬಾಸೆಟೆ ಪ್ರಾಂತ್ಯದ ಅಲ್ಮಾನ್ಸಾ ಎಂಬ ಪಟ್ಟಣದಲ್ಲಿ. ಚಿಕ್ಕವರಿದ್ದಾಗಲೇ ಕುಟುಂಬ ರಾಜಧಾನಿ ಮ್ಯಾಡ್ರಿಡ್‌ಗೆ ಬಂತು. ಎಲ್ ಎಸ್ಕೋರಿಯಲ್ ಎಂಬಲ್ಲಿ ಪಾದ್ರಿಗಳು ನಡೆಸುತ್ತಿದ್ದ ಶಾಲೆಯಲ್ಲಿ ಓದು. ಅಲ್ಲೇ ಫುಟ್‌ಬಾಲ್ ಹತ್ತಿಕೊಂಡಿತು. ಅಣ್ಣಂದಿರು ಆಗಲೇ ಮ್ಯಾಡ್ರಿಡ್ ಕ್ಲಬ್ಬಿನಲ್ಲಿದ್ದರು. 1909ರಲ್ಲಿ, 14ರ ವಯಸ್ಸಿನಲ್ಲಿ, ತಮ್ಮನೂ ಕಿರಿಯರ ತಂಡ ಸೇರಿದರು.

ಆಗ ಆ ಕ್ಲಬ್ ಹುಟ್ಟಿ 7 ವರ್ಷವಾಗಿತ್ತಷ್ಟೇ. ರಿಯಲ್ ಎಂಬ ಬಿರುದನ್ನು ಸ್ಪೇನಿನ ರಾಜ ಕೊಟ್ಟದ್ದು 1920ರಲ್ಲಿ. ಹಣವಿಲ್ಲ, ಸಂಬಳವಿಲ್ಲ, ಸರಿಯಾದ ಮೈದಾನವೂ ಇಲ್ಲ. 1912ರಲ್ಲಿ ಓಡೊನೆಲ್ ಎಂಬ ರಸ್ತೆಯ ಪಕ್ಕ ಮೈದಾನ ಸಿದ್ಧವಾಗುವಾಗ ಬೇಲಿಗೆ ಬಣ್ಣ ಬಳಿಯುವಂಥ ಕೆಲಸಕ್ಕೂ ಆಟಗಾರರೇ ನಿಂತರು. ಅವರಲ್ಲಿ ಬರ್ನಬ್ಯೂ ಸಹೋದರರೂ ಇದ್ದರು. ನಮ್ಮಲ್ಲಿ ಟೂರ್ನಿಗೆ ಮೊದಲು ಹುಡುಗರು ಸುಣ್ಣದ ಪುಡಿ ಹಿಡಿದು ಗೆರೆ ಎಳೆಯುತ್ತಾರಲ್ಲ, ಹಾಗೆಯೇ. ಮುಂದೆ ಲಕ್ಷ ಜನ ಕೂಡುವ ಸ್ಟೇಡಿಯಂ ಕಟ್ಟಿದವರು ಶುರುಮಾಡಿದ್ದು ಹೀಗೆ.

ಹದಿಹರೆಯದಲ್ಲೇ ಮೊದಲ ತಂಡಕ್ಕೆ ಆಯ್ಕೆಯಾದರು. ದಪ್ಪ ಮೈ, ಬಲವಾದ ಒದೆತ, ಗೋಲಿನ ಹಸಿವು. ಬಳಿಕ ನಾಯಕರಾದರು. 1917ರಲ್ಲಿ ರಾಜನ ಹೆಸರಿನ ಕಪ್ ಗೆದ್ದ ತಂಡದಲ್ಲಿ ಅವರಿದ್ದರು. ಆಟದ ನಡುವೆಯೇ ಕಾನೂನು ಪದವಿ ಪಡೆದರು. ಆದರೆ ಕಪ್ಪು ಕೋಟು ತೊಟ್ಟು ಕೋರ್ಟಿಗೆ ಅಲೆಯುವುದರಲ್ಲಿ ಅವರಿಗೆ ಮನಸ್ಸಿರಲಿಲ್ಲ. ಹೊಟ್ಟೆಪಾಡಿಗೆ ಸರ್ಕಾರಿ ನೌಕರಿ ಮಾಡಿದರು. 1927ರಲ್ಲಿ ಬೂಟು ಕಳಚಿದರು.

ಇಲ್ಲಿಂದ ಮುಂದಿನದನ್ನು ನಾನು ಎರಡು ಸಲ ಓದಿದೆ. ಅವರು ಆಟ ನಿಲ್ಲಿಸಿದ್ದು 1927ರಲ್ಲಿ, ಅಧ್ಯಕ್ಷರಾದದ್ದು 1943ರಲ್ಲಿ. ನಡುವೆ 16 ವರ್ಷ. ಸಭೆಯ ದಿನ ನಮ್ಮೂರಲ್ಲಿ ಯಾರೂ ಯೋಚಿಸದ ಸಂಗತಿ ಇದು. ಹೆಸರು ಮಾಡಿದ ಆಟಗಾರರನ್ನು ನೇರವಾಗಿ ಕುರ್ಚಿಯ ಮೇಲೆ ಕೂರಿಸಲಿಲ್ಲ. ತಂಡದ ಜೊತೆ ಊರೂರಿಗೆ ಹೋಗುವ ಪ್ರತಿನಿಧಿಯಾಗಿ, ತರಬೇತುದಾರರ ಸಹಾಯಕರಾಗಿ, ಆಡಳಿತ ಮಂಡಳಿಯ ಸದಸ್ಯರಾಗಿ ಅವರು ವರ್ಷಗಟ್ಟಲೆ ದುಡಿದರು. ಇದೇ ಕಾಲದಲ್ಲಿ, 1929ರಲ್ಲಿ, ಸ್ಪೇನಿನ ಲೀಗ್ ಆರಂಭವಾಯಿತು. ಹವ್ಯಾಸವಾಗಿದ್ದ ಆಟ ವೃತ್ತಿಯಾಯಿತು. ಆಟಗಾರರ ಜೊತೆ ಒಪ್ಪಂದ, ಟಿಕೆಟ್ ಮಾರಾಟ, ಪ್ರಯಾಣದ ಖರ್ಚು, ಮೈದಾನದ ಸಾಲ ಎಲ್ಲವನ್ನೂ ಅವರು ಒಳಗಿನಿಂದ ಕಂಡರು. ಚಪ್ಪಾಳೆ ಸಿಗದ ಆ ವರ್ಷಗಳೇ ಅವರ ನಿಜವಾದ ಕಾಲೇಜು.

1936ರಲ್ಲಿ ಸ್ಪೇನಿನಲ್ಲಿ ಅಂತರ್ಯುದ್ಧ ಹೊತ್ತಿಕೊಂಡಿತು. ಬರ್ನಬ್ಯೂ ಬಲಪಂಥೀಯರು. ಗಣರಾಜ್ಯದ ಕೈಯಲ್ಲಿದ್ದ ಮ್ಯಾಡ್ರಿಡ್‌ನಲ್ಲಿ ಅವರ ಪ್ರಾಣಕ್ಕೆ ಅಪಾಯವಿತ್ತು. ರಾಯಭಾರ ಕಚೇರಿಯೊಂದರಲ್ಲಿ ಅಡಗಿದ್ದು, ತಪ್ಪಿಸಿಕೊಂಡು ಹೋಗಿ, ಬಳಿಕ ಜನರಲ್ ಫ್ರಾಂಕೊ ಪಡೆಯ ಸೈನಿಕರಾಗಿ ಹೋರಾಡಿದರು. ಆ ಪಡೆ ಗೆದ್ದು ಸ್ಪೇನಿನ ಮೇಲೆ ದಶಕಗಳ ಸರ್ವಾಧಿಕಾರ ಹೇರಿತು. ಅವರನ್ನು ಮೆಚ್ಚುವವರು ಈ ಪುಟವನ್ನು ಮಡಚಿ ಮುಂದೆ ಹೋಗುತ್ತಾರೆ. ನಾನು ಮಡಚಲಾರೆ. ಆಡಳಿತ ಬಲ್ಲವರೆಲ್ಲ ಪ್ರಜಾಪ್ರಭುತ್ವದ ಪರ ನಿಂತವರೇ ಆಗಿರುತ್ತಾರೆ ಎಂದು ನಂಬುವುದು ನಮ್ಮ ತಪ್ಪು.

1939ರಲ್ಲಿ ಯುದ್ಧ ಮುಗಿದಾಗ ಕ್ಲಬ್ ಹೆಚ್ಚುಕಡಿಮೆ ಇಲ್ಲವಾಗಿತ್ತು. ಚಮಾರ್ಟಿನ್ ಎಂಬ ಅದರ ಮೈದಾನ ಹಾಳುಬಿದ್ದಿತ್ತು, ಆಸನಗಳ ಮರ ಕಿತ್ತು ಹೋಗಿತ್ತು. ಟ್ರೋಫಿಗಳು ಕಾಣೆಯಾಗಿದ್ದವು. ಪದಾಧಿಕಾರಿಗಳಲ್ಲಿ ಕೆಲವರು ಸತ್ತಿದ್ದರು, ಕೆಲವರು ದೇಶ ಬಿಟ್ಟಿದ್ದರು. ಬರ್ನಬ್ಯೂ ಹಳೆಯ ಆಟಗಾರರನ್ನು, ಸದಸ್ಯರನ್ನು ಒಬ್ಬೊಬ್ಬರಾಗಿ ಹುಡುಕಿ ಕ್ಲಬ್ಬನ್ನು ಮತ್ತೆ ನಿಲ್ಲಿಸುವ ಕೆಲಸಕ್ಕೆ ಕೈಹಾಕಿದರು. ಆಗ ಅವರ ಕೈಯಲ್ಲಿ ದೊಡ್ಡ ಹುದ್ದೆಯೇನೂ ಇರಲಿಲ್ಲ.

1943ರ ಜೂನ್‌ನಲ್ಲಿ ಒಂದು ಅಪಖ್ಯಾತಿಯ ಪಂದ್ಯ ನಡೆಯಿತು. ಕಪ್‌ನ ಸೆಮಿಫೈನಲ್‌ನ ಮೊದಲ ಪಂದ್ಯವನ್ನು ಬಾರ್ಸಿಲೋನಾ 3–0ರಿಂದ ಗೆದ್ದಿತ್ತು. ಮ್ಯಾಡ್ರಿಡ್‌ನಲ್ಲಿ ನಡೆದ ಮರುಪಂದ್ಯದಲ್ಲಿ ಅದೇ ತಂಡ 11–1ರಿಂದ ಸೋತಿತು. ಬಾರ್ಸಿಲೋನಾ ಆಟಗಾರರಿಗೆ ಬೆದರಿಕೆ ಹಾಕಲಾಗಿತ್ತು ಎಂಬ ಆರೋಪ ಇಂದಿಗೂ ಇದೆ. ಗಲಾಟೆ ಜೋರಾಗಿ ಎರಡೂ ಕ್ಲಬ್ಬುಗಳ ಅಧ್ಯಕ್ಷರು ಕುರ್ಚಿ ಬಿಡಬೇಕಾಯಿತು. ಖಾಲಿಯಾದ ಮ್ಯಾಡ್ರಿಡ್‌ನ ಕುರ್ಚಿಗೆ 1943ರ ಸೆಪ್ಟೆಂಬರ್ 15ರಂದು ಬಂದವರು 48 ವರ್ಷದ ಬರ್ನಬ್ಯೂ.

ರಿಯಲ್ ಮ್ಯಾಡ್ರಿಡ್ ಯಾವ ಶ್ರೀಮಂತರ ಸೊತ್ತೂ ಅಲ್ಲ, ಅದರ ಸದಸ್ಯರದ್ದು. ನಮ್ಮ ಭಾಗದವರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. ಚಿಕ್ಕೋಡಿಯ ದೂಧಗಂಗಾ ಕೃಷ್ಣಾ, ನಿಪ್ಪಾಣಿಯ ಹಾಲಸಿದ್ಧನಾಥ ಸಹಕಾರಿ ಸಕ್ಕರೆ ಕಾರ್ಖಾನೆಗಳಿಗೆ ಕಬ್ಬು ಬೆಳೆಯುವ ರೈತರೇ ಷೇರುದಾರರು. ಮ್ಯಾಡ್ರಿಡ್‌ನಲ್ಲಿ ಆಟ ನೋಡುವವರೇ ಸದಸ್ಯರು. ಕಾರ್ಖಾನೆಯಲ್ಲಿ ಲಾಭ ಬಂದರೆ ಷೇರುದಾರರಿಗೆ ಪಾಲುಂಟು, ಕ್ಲಬ್ಬಿನ ಸದಸ್ಯರಿಗೆ ಅದಿಲ್ಲ. ಅವರಿಗೆ ಸಿಗುವುದು ಗೆಲುವು ಮಾತ್ರ. ಹಾಗಾಗಿ ಆ ಕುರ್ಚಿಯಲ್ಲಿ ಕೂತವರು ಜನರ ನಂಬಿಕೆ ಉಳಿಸಿಕೊಳ್ಳಬೇಕು, ಅವರ ಹಣದ ಲೆಕ್ಕವನ್ನೂ ಕೊಡಬೇಕು.

ಬಂದ ಕೂಡಲೇ ಬರ್ನಬ್ಯೂ ಮನೆಯನ್ನು ವ್ಯವಸ್ಥಿತಗೊಳಿಸಿದರು. ಕ್ಲಬ್ಬಿನ ಒಂದೊಂದು ವಿಭಾಗಕ್ಕೂ ಅದರದೇ ಜವಾಬ್ದಾರರು, ಅದರದೇ ತಾಂತ್ರಿಕ ತಂಡ. ಮುಂದೆ ಅವರು ಎತ್ತಿದ ಮಾತು ಕೇಳಿ ಹಲವರು ಇವರಿಗೆ ತಲೆ ಕೆಟ್ಟಿದೆ ಎಂದರು. ಹಳೆಯ ಮೈದಾನದ ಪಕ್ಕದ ಜಾಗ ಕೊಂಡು ಹೊಸ ಸ್ಟೇಡಿಯಂ ಕಟ್ಟಬೇಕು, ಅದೂ 75,000 ಜನ ಹಿಡಿಯುವಷ್ಟು ದೊಡ್ಡದು! ದೇಶ ಯುದ್ಧದಿಂದ ಬಡವಾಗಿತ್ತು. ತಂಡ 1933ರ ನಂತರ ಲೀಗ್ ಗೆದ್ದಿರಲಿಲ್ಲ. ಅಷ್ಟು ಸಣ್ಣ ಕ್ಲಬ್ಬಿಗೆ ಅಷ್ಟು ದೊಡ್ಡ ಕಟ್ಟಡವೇಕೆ ಎಂದು ಕೇಳಿದವರನ್ನು ತಪ್ಪು ಎನ್ನಲಾಗದು. ನಾನಲ್ಲಿದ್ದರೆ ನಾನೂ ಕೈಯೆತ್ತಿ ಬೇಡ ಎನ್ನುತ್ತಿದ್ದೆ.

ಆದರೆ ಅವರು ಮೈಕ್ ಹಿಡಿದು ಘೋಷಿಸಿ ಮನೆಗೆ ಹೋಗಲಿಲ್ಲ. 1944ರಲ್ಲಿ ಬ್ಯಾಂಕ್ ಸಾಲ ಮಾಡಿ ಜಾಗ ಕೊಂಡರು. ಕಟ್ಟಡದ ಖರ್ಚಿಗೆ ಸದಸ್ಯರಿಗೆ ಬಾಂಡ್ ಮಾರಿದರು. ಕ್ಲಬ್ ತಮ್ಮದು ಎಂದು ನಂಬಿದ್ದವರು ತಮ್ಮ ಉಳಿತಾಯ ತಂದು ಕೊಟ್ಟರು. ಆಟಗಾರರಾಗಿ ಗಳಿಸಿದ ಹೆಸರು ಇಲ್ಲಿ ಕೆಲಸಕ್ಕೆ ಬಂತು ಎಂದು ನನಗೆ ಅನ್ನಿಸುತ್ತದೆ. ಜನ ಬಾಂಡ್ ಕೊಂಡದ್ದು ಕಾಗದ ನೋಡಿ ಅಲ್ಲ, ಕೇಳಿದವರ ಮುಖ ನೋಡಿ. 1947ರ ಡಿಸೆಂಬರ್ 14ರಂದು ಪೋರ್ಚುಗಲ್‌ನ ಬೆಲೆನೆನ್ಸಿಸ್ ತಂಡದ ಎದುರಿನ ಪಂದ್ಯದೊಂದಿಗೆ ಸ್ಟೇಡಿಯಂ ತೆರೆಯಿತು. ಮ್ಯಾಡ್ರಿಡ್ 3–1ರಿಂದ ಗೆದ್ದಿತು.

ಸಿನಿಮಾ ಆಗಿದ್ದರೆ ಅದೇ ವರ್ಷ ಲೀಗ್ ಕಪ್ಪೂ ಬರಬೇಕಿತ್ತು. ನಡೆದದ್ದು ಬೇರೆ. ಆ ಋತುವಿನಲ್ಲಿ 14 ತಂಡಗಳ ಲೀಗಿನಲ್ಲಿ ರಿಯಲ್ ಮ್ಯಾಡ್ರಿಡ್ 11ನೇ ಸ್ಥಾನಕ್ಕೆ ಕುಸಿಯಿತು. ಇನ್ನು ಸ್ವಲ್ಪ ಜಾರಿದ್ದರೆ ಕೆಳದರ್ಜೆಗೆ ಬೀಳುತ್ತಿತ್ತು. ಹೊಸ ಸ್ಟೇಡಿಯಂ, ಹೊಸ ಸಾಲ, 11ನೇ ಸ್ಥಾನ! ನಮ್ಮೂರ ಕಟ್ಟೆಯಲ್ಲಾಗಿದ್ದರೆ ಅಧ್ಯಕ್ಷರನ್ನು ಮರುದಿನವೇ ಇಳಿಸುತ್ತಿದ್ದೆವು. ಬರ್ನಬ್ಯೂ ಉಳಿದರು. ದೊಡ್ಡ ಸ್ಟೇಡಿಯಂ ತುಂಬಿದರೆ ಟಿಕೆಟ್ ಹಣ ಬರುತ್ತದೆ, ಹಣ ಬಂದರೆ ಒಳ್ಳೆಯ ಆಟಗಾರರು ಬರುತ್ತಾರೆ, ಒಳ್ಳೆಯ ಆಟಗಾರರು ಬಂದರೆ ಸ್ಟೇಡಿಯಂ ಮತ್ತೆ ತುಂಬುತ್ತದೆ ಎಂಬುದು ಅವರ ಲೆಕ್ಕ. ಟಿವಿ ಹಕ್ಕಿನ ಹಣ ಇಲ್ಲದ ಕಾಲದಲ್ಲಿ ಕ್ಲಬ್ಬಿನ ಮುಖ್ಯ ಆದಾಯವೇ ಗೇಟಿನ ಹಣ. ಈ ಲೆಕ್ಕ ಫಲ ಕೊಡಲು ಇನ್ನೂ 6 ವರ್ಷ ಹಿಡಿಯಿತು.

ಈ ನಡುವೆ ಅವರು ಮಾಡಿದ ಒಂದು ನೇಮಕ ನನ್ನನ್ನು ಹಿಡಿದು ನಿಲ್ಲಿಸಿತು. 1952ರಲ್ಲಿ ಕ್ಲಬ್ಬಿಗೆ 50 ವರ್ಷ ತುಂಬಿತು. ಆ ಸಂಭ್ರಮಕ್ಕೆ ಬ್ಯಾಸ್ಕೆಟ್‌ಬಾಲ್ ಟೂರ್ನಿ ನಡೆಸಬೇಕಿತ್ತು. ಅದನ್ನು ಸಂಘಟಿಸಲು ಬಂದವರು ರೈಮುಂಡೊ ಸಪೋರ್ಟಾ. ವಯಸ್ಸು 25ರ ಆಸುಪಾಸು, ನೌಕರಿ ಬ್ಯಾಂಕಿನಲ್ಲಿ. ಫುಟ್‌ಬಾಲ್ ಆಡಿ ಹೆಸರು ಮಾಡಿದವರಲ್ಲ. ಆದರೆ ಕಾಗದಪತ್ರ, ಹಣಕಾಸು, ಮಾತುಕತೆ ಎಲ್ಲದರಲ್ಲೂ ಪಳಗಿದ ಕೈ. ಬರ್ನಬ್ಯೂ ಅವರನ್ನು ಕ್ಲಬ್ಬಿನಲ್ಲೇ ಉಳಿಸಿಕೊಂಡರು. ಮುಂದೆ ಸಪೋರ್ಟಾ ಖಜಾಂಚಿಯಾದರು, ಉಪಾಧ್ಯಕ್ಷರಾದರು. ತಮಗಿಂತ 30 ವರ್ಷ ಕಿರಿಯರಾದ ಬ್ಯಾಂಕ್ ನೌಕರನ ಮಾತಿಗೆ ಹಳೆಯ ಸೆಂಟರ್ ಫಾರ್ವರ್ಡ್ ಕಿವಿಗೊಟ್ಟರು. ಅವರ ದೊಡ್ಡತನ ನನಗೆ ಕಂಡದ್ದು ಇಲ್ಲಿ. ಮೈದಾನದಲ್ಲಿ ತನಗೆ ಗೊತ್ತಿಲ್ಲದ್ದು ಕಡಿಮೆ, ಕಚೇರಿಯಲ್ಲಿ ತನಗೆ ಗೊತ್ತಿಲ್ಲದ್ದು ಬಹಳ ಎಂಬುದು ಅವರಿಗೆ ತಿಳಿದಿತ್ತು.

ಇಬ್ಬರ ಜೋಡಿ ಕೆಲಸ 1953ರಲ್ಲಿ ಕಂಡಿತು. ಅರ್ಜೆಂಟೀನಾದ ಆಲ್ಫ್ರೆಡೊ ಡಿ ಸ್ಟೆಫಾನೊ ಆಗ ಕೊಲಂಬಿಯಾದ ಮಿಲೊನಾರಿಯೋಸ್ ತಂಡಕ್ಕೆ ಆಡುತ್ತಿದ್ದರು. ಅವರ ಮೇಲಿನ ಹಕ್ಕು ಅರ್ಜೆಂಟೀನಾದ ರಿವರ್ ಪ್ಲೇಟ್ ಕ್ಲಬ್ಬಿನದ್ದೂ ಆಗಿತ್ತು. ಬಾರ್ಸಿಲೋನಾ ಒಂದು ಕಡೆ ಒಪ್ಪಂದ ಮಾಡಿಕೊಂಡಿತು, ಮ್ಯಾಡ್ರಿಡ್ ಇನ್ನೊಂದು ಕಡೆ. ಒಂದೇ ಹೊಲಕ್ಕೆ ಇಬ್ಬರು ಖರೀದಿ ಪತ್ರ ಹಿಡಿದು ನಿಂತಂತಾಯಿತು. ಸ್ಪೇನಿನ ಅಧಿಕಾರಿಗಳು ಒಂದು ವಿಚಿತ್ರ ತೀರ್ಪು ಕೊಟ್ಟರು. ಡಿ ಸ್ಟೆಫಾನೊ ಒಂದು ಋತು ಮ್ಯಾಡ್ರಿಡ್‌ಗೆ, ಮತ್ತೊಂದು ಋತು ಬಾರ್ಸಿಲೋನಾಗೆ, ಹೀಗೆ ಸರದಿಯ ಮೇಲೆ ಆಡಬೇಕು! ಬಾರ್ಸಿಲೋನಾದ ಆಡಳಿತ ಮಂಡಳಿ ಸಿಟ್ಟಿನಿಂದ ರಾಜೀನಾಮೆ ಕೊಟ್ಟಿತು. ಕೊನೆಗೆ ಆ ಕ್ಲಬ್ ತನ್ನ ಪಾಲನ್ನು ಬಿಟ್ಟುಕೊಟ್ಟಿತು. ಸರ್ಕಾರದ ಒಲವು ಮ್ಯಾಡ್ರಿಡ್ ಕಡೆಗಿತ್ತು ಎಂಬ ದೂರು ಅಲ್ಲಿ ಇಂದಿಗೂ ತಣ್ಣಗಾಗಿಲ್ಲ. ಮಾತುಕತೆಯ ಹೊರೆ ಹೊತ್ತವರು ಸಪೋರ್ಟಾ.

ಡಿ ಸ್ಟೆಫಾನೊ ಬಂದ ಮೊದಲ ಋತುವಿನಲ್ಲೇ, 1954ರಲ್ಲಿ, ಮ್ಯಾಡ್ರಿಡ್ 21 ವರ್ಷಗಳ ನಂತರ ಲೀಗ್ ಗೆದ್ದಿತು. ಸ್ಟೇಡಿಯಂ ಇನ್ನೂ ದೊಡ್ಡದಾಗಿ ಲಕ್ಷಕ್ಕೂ ಹೆಚ್ಚು ಜನ ಹಿಡಿಯುವಂತಾಯಿತು. 1955ರ ಜನವರಿ 4ರಂದು ಸದಸ್ಯರ ಸಭೆ ಅದಕ್ಕೆ ಬರ್ನಬ್ಯೂ ಹೆಸರಿಟ್ಟಿತು.

ಆ ಹೊತ್ತಿನಲ್ಲೇ ಫ್ರಾನ್ಸಿನ ಲೆಕಿಪ್ ಪತ್ರಿಕೆಯ ಗೇಬ್ರಿಯಲ್ ಹಾನೊ ಯುರೋಪಿನ ಕ್ಲಬ್ಬುಗಳಿಗೆಲ್ಲ ಒಂದು ಕಪ್ ನಡೆಸುವ ಯೋಜನೆ ಮುಂದಿಟ್ಟರು. ಹಲವರು ಅನುಮಾನಪಟ್ಟರು. ಬರ್ನಬ್ಯೂ ಮೊದಲಿನಿಂದಲೇ ಕೈಜೋಡಿಸಿ ಸಂಘಟನಾ ಸಮಿತಿಯಲ್ಲಿ ಕುಳಿತರು. ಇಂದಿನ ಚಾಂಪಿಯನ್ಸ್ ಲೀಗ್‌ನ ಹುಟ್ಟು ಅಲ್ಲಿಂದ. 1956ರಲ್ಲಿ ಪ್ಯಾರಿಸ್‌ನಲ್ಲಿ ನಡೆದ ಮೊದಲ ಫೈನಲ್‌ನಲ್ಲಿ ಮ್ಯಾಡ್ರಿಡ್ 4–3ರಿಂದ ರೀಮ್ಸ್ ತಂಡವನ್ನು ಸೋಲಿಸಿತು. ಅದು ಸೇರಿ ಸತತ 5 ವರ್ಷ ಆ ಕಪ್ ಬೇರೆ ಯಾರ ಮನೆಗೂ ಹೋಗಲಿಲ್ಲ. 1958ರಲ್ಲಿ ಹಂಗೇರಿಯ ಫೆರೆಂಕ್ ಪುಷ್ಕಾಸ್ ಬಂದಾಗ ಅವರಿಗೆ 31 ವರ್ಷ. ನಿಷೇಧದಿಂದಾಗಿ ಎರಡು ವರ್ಷ ಆಡದೆ ಮೈ ಬಂದಿತ್ತು. ಮುಗಿದ ಆಟಗಾರ ಎಂದು ಜನ ಆಡಿಕೊಂಡರು. 1960ರಲ್ಲಿ ಗ್ಲಾಸ್ಗೊದಲ್ಲಿ ಫ್ರಾಂಕ್‌ಫರ್ಟ್ ವಿರುದ್ಧ 7–3ರಿಂದ ಗೆದ್ದ ಫೈನಲ್‌ನಲ್ಲಿ ಪುಷ್ಕಾಸ್ 4, ಡಿ ಸ್ಟೆಫಾನೊ 3 ಗೋಲು ಹೊಡೆದರು. ಹೊಟ್ಟೆ ಮುಂದೆ ಬಂದರೂ ಕಾಲಿನ ಜಾಣ್ಮೆ ಹೋಗಿಲ್ಲ ಎಂದು ಗುರುತಿಸಲು ಹಳೆಯ ಆಟಗಾರರ ಕಣ್ಣೇ ಬೇಕಿತ್ತು. ಲೆಕ್ಕದ ಪುಸ್ತಕ ಹಿಡಿದ ನನ್ನಂಥವರು ಪುಷ್ಕಾಸ್ ಅವರನ್ನು ಖರೀದಿಸುತ್ತಿರಲಿಲ್ಲ. ನನ್ನ ವಾದ ಅರ್ಧ ಸೋತದ್ದು ಈ ಜಾಗದಲ್ಲಿ.

ಆಟಗಾರರನ್ನು ಜವಾಬ್ದಾರಿಗೆ ತರುವಾಗಲೂ ಬರ್ನಬ್ಯೂ ತಾವು ನಡೆದ ದಾರಿಯನ್ನೇ ತೋರಿಸಿದರು. ಮೊದಲೆರಡು ಯುರೋಪಿಯನ್ ಕಪ್‌ಗಳಲ್ಲಿ ನಾಯಕರಾಗಿದ್ದ ಮಿಗೆಲ್ ಮುನ್ಯೊಸ್ ಆಟ ನಿಲ್ಲಿಸಿದ ಮೇಲೆ ಮೊದಲು ಕಿರಿಯ ತಂಡವನ್ನು ತರಬೇತುಗೊಳಿಸಿದರು. 1960ರಲ್ಲಿ ಮುಖ್ಯ ತಂಡ ಅವರ ಕೈಗೆ ಬಂತು. 1974ರವರೆಗೆ ಉಳಿದರು. 1966ರಲ್ಲಿ ಸ್ಪೇನಿನ ಆಟಗಾರರನ್ನೇ ಕಟ್ಟಿಕೊಂಡು 6ನೇ ಯುರೋಪಿಯನ್ ಕಪ್ ಗೆದ್ದದ್ದು ಅವರ ಕಾಲದಲ್ಲೇ.

ಎಲ್ಲವೂ ಸುಗಮವಾಗಿರಲಿಲ್ಲ. 1964ರಲ್ಲಿ ಡಿ ಸ್ಟೆಫಾನೊಗೆ 37 ವರ್ಷ. ಕ್ಲಬ್ ಅವರಿಗೆ ಆಟ ಬಿಟ್ಟು ಬೇರೆ ಹುದ್ದೆ ಕೊಡಲು ಸಿದ್ಧವಿತ್ತು. ಅವರಿಗೆ ಇನ್ನೂ ಆಡಬೇಕಿತ್ತು. ಮನಸ್ತಾಪ ಬೆಳೆದು ಅವರು ಬಾರ್ಸಿಲೋನಾ ನಗರದ ಎಸ್ಪನ್ಯೋಲ್ ಕ್ಲಬ್ಬಿಗೆ ಹೋದರು. ಬರ್ನಬ್ಯೂ ಜೊತೆಗಿನ ನಂಟು ಮುರಿಯಿತು. ಒಂದು ಕಾಲದ ತಾರೆಗೆ ಕುರ್ಚಿ ಕೊಟ್ಟರೆ ಸಾಲದು, ಅವರ ಮನಸ್ಸು ಆ ಕುರ್ಚಿಗೆ ಒಪ್ಪಿರಬೇಕು. ಡಿ ಸ್ಟೆಫಾನೊ ಆ ಕ್ಲಬ್ಬಿಗೆ ತರಬೇತುದಾರರಾಗಿ ಮರಳಿದ್ದು 1982ರಲ್ಲಿ. ಗೌರವಾಧ್ಯಕ್ಷರಾದದ್ದು 2000ದಲ್ಲಿ. ಅದನ್ನು ನೋಡಲು ಬರ್ನಬ್ಯೂ ಇರಲಿಲ್ಲ.

ಇನ್ನೊಂದು ಮಾತು. 35 ವರ್ಷ ಒಬ್ಬರೇ ಅಧ್ಯಕ್ಷರಾಗಿರುವುದು ಒಳ್ಳೆಯ ಪದ್ಧತಿಯೇನಲ್ಲ. ಸರ್ವಾಧಿಕಾರದ ನಾಡಿನಲ್ಲಿ ಅದನ್ನು ಪ್ರಶ್ನಿಸುವ ರೂಢಿಯೂ ಇರಲಿಲ್ಲ. ಕೊನೆಯ ದಶಕದಲ್ಲಿ ಯುರೋಪಿನ ಕಪ್ ಬೇರೆಯವರ ಪಾಲಾಯಿತು. ಮುದುಕರಾದ ಮೇಲೂ ಅವರು ಕುರ್ಚಿ ಬಿಡಲಿಲ್ಲ. ನಮ್ಮ ಸಂಘ, ಸೊಸೈಟಿಗಳಲ್ಲಿ ಜೀವನಪರ್ಯಂತ ಅಧ್ಯಕ್ಷರಾಗಿ ಉಳಿಯುವವರು ಈ ಒಂದು ವಿಷಯದಲ್ಲಿ ಬರ್ನಬ್ಯೂ ಅವರನ್ನು ಉದಾಹರಣೆಗೆ ತೆಗೆದುಕೊಳ್ಳದಿರಲಿ.

ಆದರೆ ಕ್ಲಬ್ಬಿನ ಹಣದಲ್ಲಿ ಮನೆ ಕಟ್ಟಿಕೊಂಡರು ಎಂದು ಯಾರೂ ಅವರ ಕಡೆ ಬೆರಳು ಮಾಡಲಿಲ್ಲ. ಹೆಂಡತಿ ಮರಿಯಾ ಜೊತೆ ಸರಳವಾಗಿ ಬದುಕಿದರು. ಬಿಡುವು ಸಿಕ್ಕರೆ ಸಾಂತಾ ಪೋಲಾ ಎಂಬ ಕಡಲ ತೀರದ ಊರಿಗೆ ಹೋಗಿ ಸಣ್ಣ ದೋಣಿಯಲ್ಲಿ ಮೀನು ಹಿಡಿಯುತ್ತಿದ್ದರು. 1978ರ ಜೂನ್ 2ರಂದು ಕ್ಯಾನ್ಸರ್‌ನಿಂದ ತೀರಿಕೊಂಡಾಗ 83 ತುಂಬಲು 6 ದಿನ ಬಾಕಿ ಇತ್ತು. ಹಿಂದಿನ ದಿನವಷ್ಟೇ ಅರ್ಜೆಂಟೀನಾದಲ್ಲಿ ವಿಶ್ವಕಪ್ ಶುರುವಾಗಿತ್ತು. ಫಿಫಾ 3 ದಿನ ಶೋಕ ಆಚರಿಸಿತು. ಅವರ ಅಧ್ಯಕ್ಷತೆಯಲ್ಲಿ ಕ್ಲಬ್ 16 ಲೀಗ್, 6 ಯುರೋಪಿಯನ್ ಕಪ್ ಗೆದ್ದಿತ್ತು. ಅವರ ಜಾಗಕ್ಕೆ ಬಂದವರು ಲೂಯಿಸ್ ಡಿ ಕಾರ್ಲೋಸ್. ಅವರು ಹಲವು ವರ್ಷ ಕ್ಲಬ್ಬಿನ ಹಣಕಾಸು ನೋಡಿಕೊಂಡವರು. ಗೋಲು ಹೊಡೆದವರ ಕುರ್ಚಿಗೆ ಲೆಕ್ಕ ಬರೆದವರು ಬಂದರು.

ಇದೊಂದು ಅಪರೂಪದ ಕಥೆ ಮಾತ್ರವೇ ಎಂದು ಬೇರೆ ಕಡೆಯೂ ನೋಡಿದೆ. ಜರ್ಮನಿಯ ಬಯರ್ನ್ ಮ್ಯೂನಿಕ್‌ನಲ್ಲಿ ಕಾರ್ಲ್ ಹೈನ್ಸ್ ರುಮೆನಿಗೆ 1991ರಿಂದ ಉಪಾಧ್ಯಕ್ಷರಾಗಿದ್ದು 2002ರಲ್ಲಿ ಸಿಇಒ ಆದರು, 2021ರವರೆಗೆ ನಡೆಸಿದರು. ಅವರ ನಂತರ ಬಂದ ಗೋಲ್‌ಕೀಪರ್ ಒಲಿವರ್ ಕಾನ್ ಒಂದೂವರೆ ವರ್ಷ ಮಂಡಳಿಯಲ್ಲಿ ಕಲಿತು ಸಿಇಒ ಆದರು, 2023ರಲ್ಲಿ ಹುದ್ದೆ ಕಳೆದುಕೊಂಡರು. ನೆದರ್‌ಲೆಂಡ್ಸ್‌ನ ಅಯಾಕ್ಸ್ ಕ್ಲಬ್ಬಿನಲ್ಲಿ ಎಡ್ವಿನ್ ವಾನ್ ಡರ್ ಸಾರ್ ಆಟ ಬಿಟ್ಟು ಕ್ರೀಡಾ ಆಡಳಿತ ಓದಿ, ಮಾರುಕಟ್ಟೆ ವಿಭಾಗದಲ್ಲಿ ದುಡಿದು, 2016ರಲ್ಲಿ ಸಿಇಒ ಆದರು. ನಮ್ಮಲ್ಲೂ 2010ರಲ್ಲಿ ಅನಿಲ್ ಕುಂಬ್ಳೆ ರಾಜ್ಯ ಕ್ರಿಕೆಟ್ ಸಂಸ್ಥೆಯ ಅಧ್ಯಕ್ಷರಾಗಿ, ಜಾವಗಲ್ ಶ್ರೀನಾಥ್ ಕಾರ್ಯದರ್ಶಿಯಾಗಿ ಚುನಾಯಿತರಾದರು. ಹೆಸರು ಬಾಗಿಲು ತೆರೆಸುತ್ತದೆ. ಒಳಗೆ ಹೋದ ಮೇಲೆ ಕೆಲಸ ಕಲಿಯಲೇಬೇಕು.

ಗೆಳೆಯರೇ, ಕೆಲಸ ಹುಡುಕುತ್ತಿರುವ ನಮಗೆಲ್ಲ ಇದರಲ್ಲಿ ಪಾಠವಿದೆ. ಪದವಿ, ಪದಕ, ಅಂಕಪಟ್ಟಿ ಇವು ನಾವು ಹಿಂದೆ ಹೊಡೆದ ಗೋಲುಗಳು. ಸಂದರ್ಶನದ ಬಾಗಿಲವರೆಗೆ ಅವು ನಮ್ಮ ಜೊತೆ ಬರುತ್ತವೆ. ಅದರಾಚೆ, ಯಾರೂ ಚಪ್ಪಾಳೆ ತಟ್ಟದ ಆ 16 ವರ್ಷಗಳಂಥವು ನಮ್ಮಲ್ಲಿ ಎಷ್ಟಿವೆ ಎಂಬುದೇ ಪ್ರಶ್ನೆ.

ಇಷ್ಟು ಓದಿದ ಮೇಲೆ ಹಿಂದಿನ ಓಣಿಯಿಂದ ಹೋಗುವುದು ನನಗೇ ನಾಚಿಕೆ ಎನಿಸಿತು. ಒಂದು ಸಂಜೆ ಲೆಕ್ಕದ ಪುಸ್ತಕ ಹಿಡಿದು ಕ್ಯಾಪ್ಟನ್ ಅಂಗಡಿಗೆ ಹೋದೆ. ಅವರು ಗ್ರೀಸ್ ಹತ್ತಿದ ಕೈ ಒರೆಸಿಕೊಂಡು ಸ್ಟೂಲ್ ಸರಿಸಿದರು. ಸಭೆಯಲ್ಲಿ ಎಲ್ಲರೆದುರು ಹಾಗೆ ಅಂದದ್ದು ತಪ್ಪಾಯಿತು ಅಣ್ಣಾ ಎಂದೆ. ಅಂದದ್ದು ತಪ್ಪಲ್ಲ, ಅಂಗಡಿಗೆ ಬಂದು ಅನ್ನಬೇಕಿತ್ತು ಎಂದರು. ಪೆಂಡಾಲಿನವರ ಬಾಕಿ ಎಷ್ಟು ಎಂದು ಕೇಳಿ, ಪುಸ್ತಕವನ್ನು ಮೊದಲ ಪುಟದಿಂದ ತಿರುವತೊಡಗಿದರು. ಜಮಾ ಎಲ್ಲಿ, ಖರ್ಚು ಎಲ್ಲಿ ಎಂದು ಬೆರಳಿಟ್ಟು ತೋರಿಸಿದೆ. ಅಂಗಡಿ ಮುಚ್ಚುವ ಹೊತ್ತು ಮೀರಿದರೂ ಎದ್ದಿರಲಿಲ್ಲ.

ಮುಂದಿನ ಸಭೆಯಲ್ಲಿ ನಾನೇ ಅವರ ಹೆಸರು ಸೂಚಿಸಿದೆ. ಅವರು ಎರಡು ಷರತ್ತು ಹಾಕಿ ಒಪ್ಪಿದರು. ಮೊದಲ ವರ್ಷ ಉಸ್ತುವಾರಿ ಮಾತ್ರ, ಅಧ್ಯಕ್ಷಗಿರಿ ಆಮೇಲೆ. ಬ್ಯಾಂಕಿನಿಂದ ಹಣ ತೆಗೆಯಲು ತಮ್ಮ ಸಹಿಯ ಪಕ್ಕ ನನ್ನ ಸಹಿಯೂ ಇರಬೇಕು. ತಂಡದ ಆಯ್ಕೆಯಲ್ಲಿ ನಾನು ಮಾತಾಡಬಾರದು ಎಂದೂ ನಗುತ್ತ ಸೇರಿಸಿದರು. ಅದಕ್ಕೆ ನಾನು ಸಂತೋಷದಿಂದಲೇ ಒಪ್ಪಿದೆ.

ಈ ಜನವರಿಯ ಟೂರ್ನಿಯಲ್ಲಿ ಅಥಣಿಯ ಹುಡುಗರು ಫೈನಲ್ ಗೆದ್ದರು. ಕ್ಯಾಪ್ಟನ್ ಮೈಕ್ ಹಿಡಿದರು. ಜನರ ಕೂಗು ಕೇಳಿ ಅವರ ಮುಖ ಅರಳಿದ್ದು ನನಗೆ ಕಂಡಿತು, ಎದೆ ಡವಗುಟ್ಟಿತು. ಅವರು ಮಾತು ನಿಲ್ಲಿಸಿ ನಾನು ಕುಳಿತಿದ್ದ ಮೇಜಿನ ಕಡೆ ತಿರುಗಿದರು. ನಾನು ಎರಡು ಬೆರಳು ತೋರಿಸಿದೆ. ಮೊದಲ ಬಹುಮಾನಕ್ಕೆ 2,000 ರೂಪಾಯಿ ಹೆಚ್ಚುವರಿ ಎಂದು ಅವರು ಘೋಷಿಸಿದರು. ಜನ ಹೋದ ಸಲದಷ್ಟೇ ಜೋರಾಗಿ ಚಪ್ಪಾಳೆ ತಟ್ಟಿದರು. ಪೆಂಡಾಲಿನವರ ಹಣ ಅದೇ ರಾತ್ರಿ ಚುಕ್ತಾ ಆಯಿತು.